ಕೊಳ್ಳೇಗಾಲ ಸೀಮೆಯಲ್ಲಿ ವ್ಯವಹಾರ ವಿಶ್ಲೇಷಣೆ: ೧೮೦೦ರಿಂದ ೧೯೩೪ರವರೆಗೆ

೧. ಪೀಠಿಕೆ

ನಮ್ಮ ಕಾಲೇಜುಗಳಲ್ಲಿ ಪದವಿ ಪಡೆದು ಬೆಂಗಳೂರಿನ ಕಂಪೆನಿಗಳನ್ನು ಸೇರುವ ತರುಣರಲ್ಲಿ ಕೆಲವರು ‘ಬಿಸಿನೆಸ್ ಅನಲಿಸ್ಟ್’ ಎಂಬ ಹುದ್ದೆಯನ್ನು ವಹಿಸಿಕೊಳ್ಳುತ್ತಿದ್ದಾರೆ. ಕನ್ನಡದಲ್ಲಿ ಇದನ್ನು ವ್ಯವಹಾರ ವಿಶ್ಲೇಷಕ ಎನ್ನಬಹುದು. ಈ ಹುದ್ದೆಯವನು ಬಂಡವಾಳ ಹೂಡಿದ ಒಡೆಯನೂ ಅಲ್ಲ, ಯಂತ್ರವನ್ನು ನಡೆಸುವ ಕೆಲಸಗಾರನೂ ಅಲ್ಲ. ತೀರ್ಮಾನ ಮಾಡುವವರಿಗೂ ಕೆಲಸ ಮಾಡುವವರಿಗೂ ನಡುವೆ ನಿಂತು, ಈಗ ಕೆಲಸವು ಹೇಗೆ ನಡೆಯುತ್ತಿದೆ, ಎಲ್ಲಿ ತೊಡಕಿದೆ, ಬದಲಾವಣೆಯಿಂದ ಯಾರಿಗೆ ಏನಾಗುತ್ತದೆ ಎಂಬುದನ್ನು ಕೇಳಿ, ಅಳೆದು, ಉಭಯ ಪಕ್ಷಗಳಿಗೂ ಅರ್ಥವಾಗುವಂತೆ ಬರೆದು, ಮುಂದಿನ ದಾರಿಯನ್ನು ಸೂಚಿಸುವುದು ಅವನ ಕರ್ತವ್ಯ. ಈ ವೃತ್ತಿಯವರ ಅಂತರರಾಷ್ಟ್ರೀಯ ಸಂಸ್ಥೆಯೊಂದು ಕೆನಡಾ ದೇಶದ ಟೊರಾಂಟೋದಲ್ಲಿ ಸ್ಥಾಪಿತವಾದುದು ೨೦೦೩ರಲ್ಲಿ. ಆದುದರಿಂದ ಇದು ಗಣಕಯಂತ್ರಗಳ ಯುಗದಲ್ಲಿ ಹುಟ್ಟಿದ ವೃತ್ತಿಯೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ.

ಹೆಸರು ಹೊಸದಾದರೂ ಕಾರ್ಯವು ಹಳೆಯದು. ಕೊಳ್ಳೇಗಾಲ, ಹನೂರು, ಯಳಂದೂರು ಎಂಬ ಮೂರು ನೆರೆಯ ತಾಲ್ಲೂಕುಗಳ ಒಂದೂಕಾಲು ಶತಮಾನದ ಇತಿಹಾಸವನ್ನು ಪರಿಶೀಲಿಸಿದರೆ, ಇದೇ ಕಾರ್ಯವನ್ನು ಬೇರೆ ಬೇರೆ ಹೆಸರುಗಳಲ್ಲಿ ನೆರವೇರಿಸಿದವರನ್ನು ಕಾಣಬಹುದು. ಅವರ ಬರವಣಿಗೆಗಳನ್ನು ನಾವು ಇತಿಹಾಸದ ಆಕರಗಳೆಂದು ಬಳಸುತ್ತೇವೆ. ಆದರೆ ಅವು ಒಬ್ಬರ ಅಪ್ಪಣೆಯಂತೆ, ಒಂದು ಪ್ರಯೋಜನಕ್ಕಾಗಿ ಸಿದ್ಧವಾದ ವರದಿಗಳೆಂಬುದನ್ನು ಅನೇಕವೇಳೆ ಮರೆಯುತ್ತೇವೆ. ವಿಶ್ಲೇಷಣೆಯ ಬೆಲೆಯು ಅದರ ಲೆಕ್ಕದ ನಿಖರತೆಯೊಂದರಿಂದಲೇ ನಿರ್ಧಾರವಾಗುವುದಿಲ್ಲ. ಯಾರ ಪ್ರಶ್ನೆಗೆ ಉತ್ತರ ಹುಡುಕಲಾಯಿತು, ಯಾರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯಲಾಯಿತು ಎಂಬುದರಿಂದಲೂ ನಿರ್ಧಾರವಾಗುತ್ತದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಪ್ರದೇಶದ ಆಡಳಿತ ಹಿನ್ನೆಲೆ

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಟಿಪ್ಪೂ ಸುಲ್ತಾನನ ರಾಜ್ಯವು ವಿಭಾಗವಾಯಿತು. ಕೊಯಮತ್ತೂರಿನೊಡನೆ ಕೊಳ್ಳೇಗಾಲದ ಸೀಮೆಯೂ ಈಸ್ಟ್ ಇಂಡಿಯಾ ಕಂಪೆನಿಯ ಪಾಲಿಗೆ ಹೋಯಿತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲಿಯೇ ಉಳಿಯಿತು. ಹೀಗೆ ಒಂದೇ ಭಾಷೆಯನ್ನಾಡುವ, ಒಂದೇ ಸಂತೆಗಳಲ್ಲಿ ಕೊಂಡು ಮಾರುವ ಜನರ ನಡುವೆ ಎರಡು ಸರಕಾರಗಳ ಗಡಿಯು ಹಾದುಹೋಯಿತು. ಕೊಳ್ಳೇಗಾಲವು ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯಲ್ಲಿ, ಘಟ್ಟದ ಮೇಲಿನ ತಾಲ್ಲೂಕಾಗಿ, ೧೯೫೬ರ ನವೆಂಬರ್ ೧ರವರೆಗೂ ಇದ್ದಿತು. ರಾಜ್ಯ ಪುನರ್ವಿಂಗಡಣೆಯಿಂದ ಮೈಸೂರು ರಾಜ್ಯವನ್ನು ಸೇರಿ, ೧೯೯೭ರಲ್ಲಿ ರಚಿತವಾದ ಚಾಮರಾಜನಗರ ಜಿಲ್ಲೆಯ ಅಂಗವಾಯಿತು. ಹನೂರು ಬಹುಕಾಲ ಕೊಳ್ಳೇಗಾಲಕ್ಕೆ ಸೇರಿದ್ದು, ಪ್ರತ್ಯೇಕ ತಾಲ್ಲೂಕಾದುದು ಇತ್ತೀಚೆಗೆ.

ಗಡಿಯ ಪ್ರದೇಶಗಳಲ್ಲಿ ವರದಿಗಳು ಹೆಚ್ಚು ಹುಟ್ಟುವುದು ಸಹಜ. ಹೊಸದಾಗಿ ಕೈಸೇರಿದ ನೆಲದಲ್ಲಿ ಏನು ಬೆಳೆಯುತ್ತದೆ, ಏನು ಮಾರಾಟವಾಗುತ್ತದೆ, ಯಾವ ಸುಂಕ ಎಲ್ಲಿ ಎತ್ತಬಹುದು ಎಂಬುದನ್ನು ಒಡೆಯನು ತಿಳಿಯಬೇಕಾಗುತ್ತದೆ. ಈ ಸೀಮೆಗೆ ಮೊದಲ ವಿಶ್ಲೇಷಕನು ಬಂದುದು ಇದೇ ಕಾರಣದಿಂದ.

೩. ಫ್ರಾನ್ಸಿಸ್ ಬುಕಾನನ್ನನ ಪ್ರವಾಸ

ಸ್ಕಾಟ್ಲೆಂಡಿನವನಾದ ಫ್ರಾನ್ಸಿಸ್ ಬುಕಾನನ್ನನು (೧೭೬೨–೧೮೨೯) ವೃತ್ತಿಯಿಂದ ವೈದ್ಯನು, ಆಸಕ್ತಿಯಿಂದ ಸಸ್ಯಶಾಸ್ತ್ರಜ್ಞನು. ಗವರ್ನರ್ ಜನರಲ್ ವೆಲ್ಲೆಸ್ಲಿಯು ೧೮೦೦ನೆಯ ಫೆಬ್ರವರಿಯಲ್ಲಿ ಅವನಿಗೆ ಒಂದು ಆದೇಶವನ್ನು ಕೊಟ್ಟನು. ಹೊಸದಾಗಿ ಗೆದ್ದ ದೇಶಗಳ ವ್ಯವಸಾಯ, ದನಕರುಗಳ ತಳಿ, ಹತ್ತಿ, ಮೆಣಸು, ಗಂಧ, ಏಲಕ್ಕಿ ಮೊದಲಾದ ಸರಕುಗಳು, ಗಣಿಗಳು, ಕೈಗಾರಿಕೆಗಳು, ಹವೆ, ಜನರ ಸ್ಥಿತಿ ಇವೆಲ್ಲವನ್ನೂ ವಿಚಾರಿಸಿ ತಿಳಿಸಬೇಕೆಂಬುದು ಅದರ ಸಾರಾಂಶ. ಇಂದಿನ ವಿಶ್ಲೇಷಕನು ಕೆಲಸಕ್ಕೆ ತೊಡಗುವ ಮೊದಲು ಪಡೆಯುವ ‘ವ್ಯಾಪ್ತಿಪತ್ರ’ಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ಏನನ್ನು ಕೇಳಬೇಕೆಂಬುದನ್ನು ಮೊದಲೇ ಒಡೆಯನು ಗೊತ್ತುಮಾಡಿದ್ದನು.

ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟ ಬುಕಾನನ್ನನು ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನನ್ನು ಕಂಡನು. ಸಂಸ್ಥಾನದ ಉತ್ತರ ಭಾಗಗಳನ್ನು ಸುತ್ತಿ, ಮತ್ತೆ ದಕ್ಷಿಣಕ್ಕೆ ತಿರುಗಿ, ಅದೇ ವರ್ಷದಲ್ಲಿ ಕೊಳ್ಳೇಗಾಲಕ್ಕೆ ಬಂದನು. ಅಲ್ಲಿಂದ ಶಿವನಸಮುದ್ರ, ಸಿಂಗಾನಲ್ಲೂರು, ಹನೂರು, ಕೌದಳ್ಳಿ, ಮಾರ್ಟಳ್ಳಿಗಳ ಮಾರ್ಗವಾಗಿ ಕಾವೇರಿಪುರದ ಕಣಿವೆಯನ್ನು ಇಳಿದು ಕೊಯಮತ್ತೂರಿನ ಬಯಲನ್ನು ಸೇರಿದನು. ಇದು ಮೇಲಿನ ನಾಡಿಗೂ ಕೆಳಗಿನ ನಾಡಿಗೂ ಎತ್ತುಗಳ ಮೇಲೆ ಸರಕು ಸಾಗುತ್ತಿದ್ದ ದಾರಿ. ಈ ಪ್ರವಾಸದ ದಿನಚರಿಯು ೧೮೦೭ರಲ್ಲಿ ಲಂಡನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಅವನ ವಿಧಾನವು ಗಮನಾರ್ಹವಾದುದು. ಊರನ್ನು ಸೇರಿದೊಡನೆ ರೈತರನ್ನೋ ನೇಯುವವರನ್ನೋ ವರ್ತಕರನ್ನೋ ಕರೆಯಿಸಿ, ದುಭಾಷಿಯ ಮೂಲಕ ಪ್ರಶ್ನಿಸುತ್ತಿದ್ದನು. ಎಷ್ಟು ಬಿತ್ತಿದರೆ ಎಷ್ಟು ಬೆಳೆಯುತ್ತದೆ, ಆಳಿಗೆ ಕೂಲಿಯೆಷ್ಟು, ಮಗ್ಗಕ್ಕೆ ತೆರಿಗೆಯೆಷ್ಟು ಎಂದು ಕೇಳಿ, ಒಬ್ಬನ ಉತ್ತರವನ್ನು ಇನ್ನೊಬ್ಬನ ಉತ್ತರದೊಡನೆ ಹೋಲಿಸುತ್ತಿದ್ದನು. ಸೇರು, ಕೊಳಗ, ಕಂಡುಗಗಳು ಊರಿಂದೂರಿಗೆ ಬದಲಾಗುತ್ತಿದ್ದುದರಿಂದ ಅವುಗಳನ್ನು ಅಳೆದು ಇಂಗ್ಲಿಷ್ ಮಾನಕ್ಕೆ ಪರಿವರ್ತಿಸುತ್ತಿದ್ದನು. ನಂಬಲು ಕಷ್ಟವಾದ ಉತ್ತರಗಳನ್ನು ಹಾಗೆಂದೇ ಗುರುತಿಸುತ್ತಿದ್ದನು. ಅಂದಿನ ಆರ್ಥಿಕ ಜೀವನವನ್ನು ತಿಳಿಯಲು ನಮಗೆ ಇದಕ್ಕಿಂತ ಸಮೃದ್ಧವಾದ ಆಕರವು ಸಿಗುವುದು ದುರ್ಲಭ.

ಆದರೂ ಪ್ರಶ್ನಿಸುವವನು ರಾಜಸತ್ತೆಯ ಪ್ರತಿನಿಧಿಯಾಗಿದ್ದನೆಂಬುದನ್ನು ನೆನೆಯಬೇಕು. ಒಂದು ವರ್ಷದ ಹಿಂದೆಯಷ್ಟೇ ರಾಜ್ಯವು ಮಗುಚಿಬಿದ್ದಿತ್ತು. ಹೊಸ ಸರಕಾರದ ದೊರೆಯೊಬ್ಬನು ಸಿಪಾಯಿಗಳ ಸಮೇತ ಬಂದು ನಿನ್ನ ಹೊಲದ ಬೆಳೆಯೆಷ್ಟು ಎಂದು ಕೇಳಿದರೆ, ಕಂದಾಯ ಹೆಚ್ಚೀತೆಂಬ ಭಯದಿಂದ ರೈತನು ಕಡಿಮೆ ಹೇಳುವುದು ಅಸಹಜವಲ್ಲ. ಬುಕಾನನ್ನನ ಅಂಕಿಗಳನ್ನು ಬಳಸುವ ವಿದ್ಯಾರ್ಥಿಯು ಈ ಭಯವನ್ನೂ ಒಂದು ಅಂಕಿಯಾಗಿ ಪರಿಗಣಿಸಬೇಕು. ಉತ್ತರ ಕೊಟ್ಟವನಿಗೆ ತನ್ನ ಮಾತು ಎಲ್ಲಿ ಬರೆಯಲ್ಪಟ್ಟಿತೆಂಬುದಾಗಲಿ, ಅದರಿಂದ ಯಾವ ತೀರ್ಮಾನವು ಹೊರಟಿತೆಂಬುದಾಗಲಿ ತಿಳಿಯುವ ಮಾರ್ಗವೇ ಇರಲಿಲ್ಲ. ಪ್ರಶ್ನೆಯು ಕಲ್ಕತ್ತೆಯಿಂದ ಬಂದಿತು. ಉತ್ತರವು ಲಂಡನಿಗೆ ಹೋಯಿತು. ಹನೂರಿನವನು ನಡುವೆ ಬಾಯಿಯಾಗಿ ಮಾತ್ರ ಒದಗಿದನು.

೪. ಪೂರ್ಣಯ್ಯನೂ ಯಳಂದೂರೂ

ಗಡಿಯ ಆಚೆಗಿದ್ದ ಯಳಂದೂರಿನ ಸಂಬಂಧವು ಬೇರೊಂದು ಬಗೆಯ ವಿಶ್ಲೇಷಕನೊಡನೆ ಏರ್ಪಟ್ಟಿತು. ಪೂರ್ಣಯ್ಯನು ಕೊಯಮತ್ತೂರು ಸೀಮೆಯ ಮನೆತನದವನು. ಎಳೆತನದಲ್ಲಿ ವರ್ತಕನೊಬ್ಬನ ಅಂಗಡಿಯ ಲೆಕ್ಕ ಬರೆದು ಜೀವನವನ್ನಾರಂಭಿಸಿ, ಆ ಮೂಲಕ ಹೈದರಾಲಿಯ ಆಸ್ಥಾನವನ್ನು ಸೇರಿ, ಹೈದರ್ ಮತ್ತು ಟಿಪ್ಪೂ ಇಬ್ಬರ ಕಾಲದಲ್ಲಿಯೂ ಹಣಕಾಸಿನ ಆಡಳಿತದಲ್ಲಿ ಪ್ರಮುಖನಾಗಿ, ೧೭೯೯ರಿಂದ ೧೮೧೧ರವರೆಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಬಾಲ್ಯದಲ್ಲಿ ದಿವಾನನಾಗಿ ರಾಜ್ಯಭಾರ ನಡೆಸಿದನು. ಅವನಿಗೆ ೧೮೦೭ರಲ್ಲಿ ಯಳಂದೂರನ್ನು ಜಹಗೀರಾಗಿ ಕೊಡಲಾಯಿತು. ಅವನ ವಂಶದಲ್ಲಿ ಹುಟ್ಟಿದ ಸರ್ ಪಿ. ಎನ್. ಕೃಷ್ಣಮೂರ್ತಿಯವರು ೧೯೦೧ರಿಂದ ೧೯೦೬ರವರೆಗೆ ಮೈಸೂರಿನ ದಿವಾನರಾಗಿದ್ದರು.

ಅಂಗಡಿಯ ಲೆಕ್ಕವನ್ನೂ ರಾಜ್ಯದ ಲೆಕ್ಕವನ್ನೂ ಬಲ್ಲವನು ಅಪರೂಪ. ಸರಕು ಎಲ್ಲಿಂದ ಬರುತ್ತದೆ, ಯಾರ ಕೈ ದಾಟುವಾಗ ಎಷ್ಟು ಸೋರುತ್ತದೆ ಎಂಬುದನ್ನು ಪೂರ್ಣಯ್ಯನು ಒಳಗಿನಿಂದ ಬಲ್ಲವನಾಗಿದ್ದನು. ಬುಕಾನನ್ನನು ದುಭಾಷಿಯನ್ನು ಅವಲಂಬಿಸಿದಂತೆ ಅವನು ಅವಲಂಬಿಸಬೇಕಾಗಿರಲಿಲ್ಲ. ಕನ್ನಡ, ತಮಿಳು, ಮರಾಠಿ ಮೊದಲಾದ ಭಾಷೆಗಳು ಅವನಿಗೆ ಬರುತ್ತಿದ್ದುವು. ಯುದ್ಧದಿಂದ ಹಾಳಾಗಿದ್ದ ಕೆರೆ ಕಾಲುವೆಗಳ ದುರಸ್ತಿಗೆ ಅವನು ಹಣವನ್ನು ತೊಡಗಿಸಿದನು. ಅವನ ಆಡಳಿತದ ಆದಾಯ ವ್ಯಯಗಳನ್ನು ಕುರಿತು ಮಾರ್ಕ್ ವಿಲ್ಕ್ಸನು ಸಿದ್ಧಪಡಿಸಿದ ವರದಿಯು ೧೮೦೫ರಲ್ಲಿ ಮುದ್ರಿತವಾಯಿತು. ಪರಿಶೀಲಿಸುವವನೇ ಪರಿಶೀಲನೆಗೆ ಒಳಗಾದ ಸಂದರ್ಭವಿದು.

ಅಧಿಕಾರ ಬಿಡುವ ವೇಳೆಗೆ ಪೂರ್ಣಯ್ಯನು ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮಿಕ್ಕ ಹಣವನ್ನು ಕೂಡಿಸಿದ್ದನೆಂದು ಮೈಸೂರು ಗೆಜೆಟಿಯರನ್ನು ರಚಿಸಿದ ರೈಸ್ ಬರೆದಿರುತ್ತಾನೆ. ಇದನ್ನು ದಕ್ಷತೆಯ ಕುರುಹೆಂದು ಹೊಗಳಿದವರುಂಟು. ರೈತನಿಂದ ಅತಿಯಾಗಿ ಎತ್ತಿದ ಫಲವೆಂದು ಆಕ್ಷೇಪಿಸಿದವರೂ ಉಂಟು. ಲೇಖನದ ದೃಷ್ಟಿಯಿಂದ ಮುಖ್ಯವಾದುದು ಇಷ್ಟೇ: ಬೊಕ್ಕಸದಲ್ಲಿ ಎಷ್ಟು ಉಳಿಯಿತೆಂಬ ಪ್ರಶ್ನೆಗೆ ಕಡತವು ತಪ್ಪಿಲ್ಲದ ಉತ್ತರವನ್ನು ಕೊಡಬಲ್ಲುದು, ರೈತನ ಕಣಜದಲ್ಲಿ ಎಷ್ಟು ಉಳಿಯಿತೆಂಬುದು ಅದೇ ಕಡತದಲ್ಲಿ ಇರುವುದಿಲ್ಲ. ಅದನ್ನು ತಿಳಿಯಬೇಕಾದರೆ ಬೇರೆ ಪ್ರಶ್ನೆ ಬೇಕು, ಬೇರೆ ಪುಸ್ತಕ ಬೇಕು.

೫. ನಿಕಲ್ಸನ್ನನ ಎರಡು ಗ್ರಂಥಗಳು

ಆ ಬೇರೆ ಪ್ರಶ್ನೆಯನ್ನು ಕೇಳಿದವನು ಫ್ರೆಡರಿಕ್ ನಿಕಲ್ಸನ್. ಮದರಾಸು ಸರಕಾರದ ಸಿವಿಲ್ ಅಧಿಕಾರಿಯಾಗಿದ್ದ ಅವನು ೧೮೮೭ರಲ್ಲಿ ಕೊಯಮತ್ತೂರು ಜಿಲ್ಲೆಯ ಕೈಪಿಡಿಯನ್ನು ರಚಿಸಿದನು. ಕೊಳ್ಳೇಗಾಲ ತಾಲ್ಲೂಕು ಅದರ ಒಂದು ಭಾಗ. ಜಿಲ್ಲೆಯ ಉಳಿದ ತಾಲ್ಲೂಕುಗಳು ಘಟ್ಟದ ಕೆಳಗಿನ ತಮಿಳು ಬಯಲಾದರೆ, ಇದು ಮೈಸೂರು ಪ್ರಸ್ಥಭೂಮಿಯ ಕನ್ನಡ ನಾಡು. ಜಿಲ್ಲೆಯ ಸರಾಸರಿಯು ಇಂಥ ತಾಲ್ಲೂಕಿನ ನಿಜವನ್ನು ಮುಚ್ಚಿಬಿಡಬಲ್ಲುದು. ಎರಡು ಬಗೆಯ ನೆಲವನ್ನು ಕೂಡಿಸಿ ಎರಡರಿಂದ ಭಾಗಿಸಿದಾಗ ಬರುವ ಅಂಕಿಯು ಎರಡರಲ್ಲಿ ಯಾವುದಕ್ಕೂ ಅನ್ವಯಿಸದೆ ಹೋಗಬಹುದೆಂಬ ಪಾಠವನ್ನು ಕೊಳ್ಳೇಗಾಲದ ನಿದರ್ಶನದಿಂದ ಕಲಿಯಬಹುದು.

ನಿಕಲ್ಸನ್ನನ ಕೀರ್ತಿಯು ನಿಂತಿರುವುದು ಎರಡನೆಯ ಗ್ರಂಥದ ಮೇಲೆ. ಮದರಾಸು ಆಧಿಪತ್ಯದಲ್ಲಿ ಭೂಬ್ಯಾಂಕುಗಳನ್ನು ಸ್ಥಾಪಿಸಲು ಸಾಧ್ಯವೇ ಎಂಬುದನ್ನು ವಿಚಾರಿಸಲು ಸರಕಾರವು ೧೮೯೨ರಲ್ಲಿ ಅವನನ್ನು ನೇಮಿಸಿತು. ಯೂರೋಪಿನ ಪದ್ಧತಿಗಳನ್ನು ಅಭ್ಯಸಿಸಿ ಅವನು ೧೮೯೫ ಮತ್ತು ೧೮೯೭ರಲ್ಲಿ ಎರಡು ಸಂಪುಟಗಳ ವರದಿಯನ್ನು ಒಪ್ಪಿಸಿದನು. ಸರಕಾರವು ಕೇಳಿದ್ದುದು ಬ್ಯಾಂಕನ್ನು. ನಿಕಲ್ಸನ್ನನು ಕಂಡುಕೊಂಡುದು ಬ್ಯಾಂಕಿನ ಕಟ್ಟಡವೂ ಬಂಡವಾಳವೂ ಎರಡನೆಯ ಮಾತೆಂಬುದನ್ನು. ರೈತನಿಗೆ ಸಾಲ ಸಿಗದಿರುವುದು ಹಣದ ಅಭಾವದಿಂದಲ್ಲ. ಸಾಲಗಾರನನ್ನು ಬಲ್ಲ ಸಂಸ್ಥೆಯ ಅಭಾವದಿಂದ. ಒಂದೇ ಊರಿನಲ್ಲಿ ಒಬ್ಬರನ್ನೊಬ್ಬರು ಅರಿತವರು ಪರಸ್ಪರ ಹೊಣೆಯಾಗಿ ಸೇರಿದರೆ ದೂರದ ಬ್ಯಾಂಕು ಮಾಡಲಾರದುದನ್ನು ಅವರು ಮಾಡಬಲ್ಲರು. ಜರ್ಮನಿಯಲ್ಲಿ ರೈಫೈಸನ್ನನು ತೋರಿಸಿದ ದಾರಿ ಇದು. ಆತನಂಥವನನ್ನು ಹುಡುಕುವುದೇ ಮೊದಲ ಕೆಲಸವೆಂದು ನಿಕಲ್ಸನ್ನನ ನಿರ್ಣಯ.

ವ್ಯವಹಾರ ವಿಶ್ಲೇಷಕನ ಕಾರ್ಯದಲ್ಲಿ ಅತ್ಯಂತ ಕಷ್ಟಕರವಾದುದು ಇದೇ. ಒಡೆಯನು ಬೇಡುವುದಕ್ಕೂ ಪರಿಸ್ಥಿತಿಗೆ ಬೇಕಾದುದಕ್ಕೂ ಅಂತರವಿದ್ದಾಗ ಅದನ್ನು ಧೈರ್ಯವಾಗಿ ಬರೆಯುವವನು ವಿಶ್ಲೇಷಕ. ಬೇಡಿದುದನ್ನೇ ಅಂದವಾಗಿ ಬರೆದುಕೊಡುವವನು ಬರಿಯ ಗುಮಾಸ್ತ. ೧೯೦೪ರ ಸಹಕಾರಿ ಸಾಲ ಸಂಘಗಳ ಶಾಸನಕ್ಕೆ ನಿಕಲ್ಸನ್ನನ ವರದಿಯು ಹಾದಿ ಮಾಡಿತು. ೧೯೦೫ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಿಂದ ಕನ್ನಡ ನಾಡಿನ ಮೊದಲ ಕೃಷಿ ಸಹಕಾರಿ ಸಂಘವು ಹುಟ್ಟಿತು. ವರದಿಯ ಮಾತನ್ನು ಕಾರ್ಯದಲ್ಲಿ ತೋರಿಸಲು ಊರಿನವನೊಬ್ಬನೇ ಬೇಕಾಯಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

೬. ೧೯೩೩ರ ರೇಷ್ಮೆ ವಿಚಾರಣೆ

ಕೊಳ್ಳೇಗಾಲದ ಹೆಸರು ರೇಷ್ಮೆಯೊಡನೆ ಬೆರೆತಿದೆ. ಟಿಪ್ಪೂ ಸುಲ್ತಾನನು ಮೈಸೂರಿನಲ್ಲಿ ನೆಲೆಗೊಳಿಸಿದ ಹಿಪ್ಪುನೇರಳೆಯ ಬೇಸಾಯವು ಈ ಸೀಮೆಗೂ ಹಬ್ಬಿತು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮದರಾಸು ಆಧಿಪತ್ಯದ ರೇಷ್ಮೆ ಕೃಷಿಯೆಂದರೆ ಬಹುತೇಕ ಕೊಳ್ಳೇಗಾಲ ತಾಲ್ಲೂಕಿನ ರೇಷ್ಮೆ ಕೃಷಿಯೇ. ಹಳ್ಳಿಗಳಲ್ಲಿ ಹುಳು ಸಾಕಣೆ, ಚರಕದಲ್ಲಿ ನೂಲು ಬಿಚ್ಚಾಣಿಕೆ, ಪಟ್ಟಣದಲ್ಲಿ ಜರತಾರಿ ಸೀರೆಗಳ ನೇಯ್ಗೆ, ಹೀಗೆ ಆರಂಭದಿಂದ ಕೊನೆಯವರೆಗಿನ ಹಂತಗಳು ಒಂದೇ ತಾಲ್ಲೂಕಿನಲ್ಲಿ ನಡೆಯುತ್ತಿದ್ದುವು.

೧೯೨೯ರ ಅನಂತರದ ಜಾಗತಿಕ ಆರ್ಥಿಕ ಕುಸಿತದಲ್ಲಿ ರೇಷ್ಮೆಯ ಬೆಲೆಯು ಇಳಿಯಿತು. ಚೀನಾ ಮತ್ತು ಜಪಾನುಗಳ ಅಗ್ಗದ ನೂಲು ಬಂದರುಗಳಲ್ಲಿ ತುಂಬಿತು. ಮೈಸೂರು, ಬಂಗಾಳ, ಕಾಶ್ಮೀರ, ಕೊಳ್ಳೇಗಾಲಗಳ ರೇಷ್ಮೆ ಕೃಷಿಕರು ಕಂಗೆಟ್ಟರು. ಆಗ ಭಾರತ ಸರಕಾರವು ಈ ಉದ್ಯಮಕ್ಕೆ ರಕ್ಷಣೆ ಕೊಡಬೇಕೇ ಎಂಬ ಪ್ರಶ್ನೆಯನ್ನು ಸುಂಕ ಮಂಡಲಿಗೆ ಒಪ್ಪಿಸಿತು. ೧೯೨೩ರಲ್ಲಿ ಸ್ಥಾಪಿತವಾದ ಈ ಮಂಡಲಿಯು ಮೂರು ನಿಯಮಗಳಿಗೆ ಬದ್ಧವಾಗಿದ್ದಿತು: ಉದ್ಯಮಕ್ಕೆ ಸ್ವಾಭಾವಿಕ ಅನುಕೂಲಗಳಿರಬೇಕು, ರಕ್ಷಣೆಯಿಲ್ಲದೆ ಅದು ಬೆಳೆಯಲಾರದಂತಿರಬೇಕು, ಕಾಲಕ್ರಮದಲ್ಲಿ ರಕ್ಷಣೆಯನ್ನು ತೊರೆದು ಜಗತ್ತಿನ ಸ್ಪರ್ಧೆಯನ್ನು ಎದುರಿಸಬಲ್ಲುದಾಗಬೇಕು.

ಮಂಡಲಿಯ ಲೆಕ್ಕದ ಕ್ರಮವು ಸರಳವಾದುದು. ದೇಶದ ಸರಕಿಗೆ ನ್ಯಾಯವಾದ ಮಾರಾಟದ ಬೆಲೆಯನ್ನು ಮೊದಲು ಕಂಡುಹಿಡಿಯುವುದು. ವಿದೇಶದ ಸರಕು ಬಂದರಿಗೆ ಬಂದಿಳಿಯುವ ಬೆಲೆಯನ್ನು ಅದರಿಂದ ಕಳೆಯುವುದು. ಉಳಿದ ಅಂತರವೇ ಬೇಕಾದ ಸುಂಕ. ಸರಳವಾದ ಈ ಕಳೆಯುವ ಲೆಕ್ಕದ ಒಳಗೆ ಕಠಿನವಾದ ಪ್ರಶ್ನೆಗಳು ಅಡಗಿದ್ದುವು. ಒಂದು ಪೌಂಡು ನೂಲಿಗೆ ಎಷ್ಟು ಪೌಂಡು ಗೂಡು ಬೇಕು? ಅಷ್ಟು ಗೂಡಿಗೆ ಎಷ್ಟು ಸೊಪ್ಪು ಬೇಕು? ನೀರಾವರಿಯ ತೋಟದ ಸೊಪ್ಪಿಗೂ ಮಳೆಯಾಸರೆಯ ಹೊಲದ ಸೊಪ್ಪಿಗೂ ಖರ್ಚಿನಲ್ಲಿ ಎಷ್ಟು ವ್ಯತ್ಯಾಸ? ರೋಗದಿಂದ ಹುಳು ಸತ್ತುಹೋದ ಬೆಳೆಯ ನಷ್ಟವನ್ನು ಯಾವ ಬೆಳೆಯ ಮೇಲೆ ಹಾಕುವುದು? ಇವೆಲ್ಲಕ್ಕಿಂತ ಕಷ್ಟವಾದುದು, ಮನೆಯವರ ದುಡಿಮೆಗೆ ಬೆಲೆ ಕಟ್ಟುವುದು. ನಡುರಾತ್ರಿಯಲ್ಲಿ ಎದ್ದು ಹುಳುವಿಗೆ ಸೊಪ್ಪು ಹಾಕುವವಳು, ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವವಳು ಮನೆಯ ಹೆಂಗಸು. ಅವಳಿಗೆ ಕೂಲಿಯಿಲ್ಲ. ಅವಳ ದುಡಿಮೆಯನ್ನು ಸೊನ್ನೆಯೆಂದು ಹಿಡಿದರೆ ನೂಲಿನ ಖರ್ಚು ಇಳಿಯುತ್ತದೆ, ರಕ್ಷಣೆಯ ಅಗತ್ಯವೂ ಇಳಿಯುತ್ತದೆ. ಪೇಟೆಯ ಕೂಲಿಯ ದರದಲ್ಲಿ ಹಿಡಿದರೆ ಎರಡೂ ಏರುತ್ತವೆ. ಅಂಕಿಯು ಯಾವುದಾದರೂ ಒಂದು ಆಗಲೇಬೇಕು. ಆ ಆಯ್ಕೆಯು ಗಣಿತದ್ದಲ್ಲ, ನ್ಯಾಯದ್ದು.

ಇನ್ನೊಂದು ತೊಡಕು ಪಟ್ಟಣದಲ್ಲಿಯೇ ಇದ್ದಿತು. ಮಗ್ಗದಲ್ಲಿ ಹಾಸಿಗೆ ಏಕಪ್ರಕಾರವಾದ, ಗಟ್ಟಿಯಾದ ನೂಲು ಬೇಕು. ಚರಕದ ನೂಲು ಹೆಚ್ಚಾಗಿ ಹೊಕ್ಕಿಗೆ ಸಲ್ಲುತ್ತಿತ್ತು. ದಕ್ಷಿಣ ದೇಶದ ಅನೇಕ ನೇಕಾರರು ಹಾಸಿಗಾಗಿ ವಿದೇಶದ ನೂಲನ್ನು ಕೊಳ್ಳುತ್ತಿದ್ದರು. ವಿದೇಶದ ನೂಲಿನ ಮೇಲೆ ಸುಂಕ ಏರಿದರೆ ಹಳ್ಳಿಯ ಹುಳು ಸಾಕುವವನು ಉಳಿಯುತ್ತಾನೆ, ಆದರೆ ಪಟ್ಟಣದ ನೇಕಾರನ ಖರ್ಚು ಏರುತ್ತದೆ. ಒಂದೇ ತಾಲ್ಲೂಕಿನೊಳಗೆ ಒಬ್ಬನ ರಕ್ಷಣೆಯು ಇನ್ನೊಬ್ಬನ ಹೊರೆಯಾಗುವ ಪರಿಸ್ಥಿತಿ ಇದು. ಕೊಳ್ಳೇಗಾಲದ ಹಿತವೇನು ಎಂದು ಕೇಳಿದರೆ ಉತ್ತರವಿಲ್ಲ; ಕೊಳ್ಳೇಗಾಲದಲ್ಲಿ ಯಾರ ಹಿತ ಎಂದು ಕೇಳಬೇಕಾಗುತ್ತದೆ.

ಮಂಡಲಿಯು ರಕ್ಷಣೆಯನ್ನು ಶಿಫಾರಸು ಮಾಡಿತು. ಸರಕಾರವು ೧೯೩೪ರಲ್ಲಿ ಮಂಡಲಿಯು ಸೂಚಿಸಿದುದಕ್ಕಿಂತ ಕಡಿಮೆ ಪ್ರಮಾಣದಲ್ಲಿ, ಕಚ್ಚಾ ರೇಷ್ಮೆಯ ಬೆಲೆಯ ಮೇಲೆ ಶೇಕಡ ೨೫ ಮತ್ತು ಪೌಂಡಿಗೆ ೧೪ ಆಣೆಯಂತೆ ಸುಂಕವನ್ನು ವಿಧಿಸಿತು. ವಿಶ್ಲೇಷಕನ ಅಧಿಕಾರದ ಎಲ್ಲೆಯೂ ಇಲ್ಲಿ ಕಾಣುತ್ತದೆ. ಅವನು ಸೂಚಿಸಬಲ್ಲನು, ತೀರ್ಮಾನಿಸಲಾರನು.

ಬುಕಾನನ್ನನ ಕಾಲಕ್ಕೂ ಇದಕ್ಕೂ ಒಂದು ದೊಡ್ಡ ಭೇದವುಂಟು. ಮಂಡಲಿಯು ಪ್ರಶ್ನಾವಳಿಯನ್ನು ಪ್ರಕಟಿಸಿ, ಲಿಖಿತ ಉತ್ತರಗಳನ್ನು ಪಡೆದು, ಸಾಕ್ಷಿಗಳನ್ನು ಎದುರಿಗೆ ವಿಚಾರಿಸಿ, ಆ ಸಾಕ್ಷ್ಯವನ್ನು ಅಚ್ಚುಮಾಡಿಸುತ್ತಿತ್ತು. ಹೇಳಿದವನು ತನ್ನ ಮಾತನ್ನು ಓದಿ, ತಪ್ಪಿದ್ದರೆ ಆಕ್ಷೇಪಿಸಬಹುದಾಗಿತ್ತು. ಆದರೆ ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದುವು. ಇಲಾಖೆಗಳೂ ಸಂಘಗಳೂ ವರ್ತಕರೂ ಉತ್ತರಿಸಬಲ್ಲವರಾಗಿದ್ದರು. ಓದುಬರಹ ಬಾರದ ಹಳ್ಳಿಯ ಸಾಕಣೆಗಾರನಿಗೆ ಇನ್ನೊಬ್ಬರ ಬಾಯಿ ಬೇಕಾಗಿತ್ತು.

೭. ಉಪಸಂಹಾರ

ಮೇಲಿನ ನಿದರ್ಶನಗಳಿಂದ ಕೆಲವು ಅಂಶಗಳು ಸಿದ್ಧವಾಗುತ್ತವೆ. ಕೇಳುವುದು, ಅಳೆಯುವುದು, ಹೋಲಿಸುವುದು, ಬರೆಯುವುದು, ಸೂಚಿಸುವುದು ಎಂಬ ಐದು ಕಾರ್ಯಗಳು ೧೮೦೦ರಲ್ಲಿ ಇದ್ದಂತೆಯೇ ಇಂದೂ ಇವೆ. ಬದಲಾದುದು ಉತ್ತರ ಕೊಡುವವನ ಸ್ಥಾನ. ಬುಕಾನನ್ನನ ಮುಂದೆ ಅವನು ಪ್ರಜೆ. ಪೂರ್ಣಯ್ಯನ ಕಡತದಲ್ಲಿ ಅವನು ಕಂದಾಯದ ಒಂದು ಸಾಲು. ನಿಕಲ್ಸನ್ನನ ವರದಿಯಲ್ಲಿ ತನ್ನ ನೆರೆಯವನಿಗೆ ಹೊಣೆಯಾಗಬಲ್ಲ ವ್ಯಕ್ತಿ. ಸುಂಕ ಮಂಡಲಿಯ ಮುಂದೆ ಸಾಕ್ಷಿ. ಈ ಏರಿಕೆಯು ಪೂರ್ಣವಾಗಿಲ್ಲ. ಇಂದಿನ ಕಂಪೆನಿಯಲ್ಲಿ ಕುಳಿತು ಯಾವುದೋ ದೂರದ ಊರಿನ ಕೆಲಸಗಾರರ ನಡೆವಳಿಕೆಯನ್ನು ಚಿತ್ರಪಟದಲ್ಲಿ ಬರೆಯುವ ತರುಣನೂ, ತನ್ನ ಬರವಣಿಗೆಯಲ್ಲಿ ಅವರು ತಮ್ಮನ್ನು ಗುರುತಿಸಿಕೊಳ್ಳಬಲ್ಲರೇ ಎಂದು ಕೇಳಿಕೊಳ್ಳಬೇಕಾಗಿದೆ.

ಇತಿಹಾಸದ ವಿದ್ಯಾರ್ಥಿಗಳಿಗೂ ಇದರಿಂದ ಒಂದು ಕರ್ತವ್ಯವು ಒದಗುತ್ತದೆ. ಯಾವುದೇ ಆರ್ಥಿಕ ವರದಿಯನ್ನು ಕೈಗೆತ್ತಿಕೊಂಡಾಗ ಇದನ್ನು ಬರೆಯಿಸಿದವರಾರು, ಉತ್ತರ ಹೇಳಿದವರಾರು, ಯಾವ ಅಳತೆಯನ್ನು ಬಳಸಲಾಯಿತು, ಯಾರ ದುಡಿಮೆಗೆ ಬೆಲೆ ಕಟ್ಟಲಿಲ್ಲ ಎಂಬ ನಾಲ್ಕು ಪ್ರಶ್ನೆಗಳನ್ನು ಹಾಕಬೇಕು. ವರದಿಗಳು ಬಿಟ್ಟುದನ್ನು ತುಂಬಲು ಊರಿನ ಲೆಕ್ಕಗಳನ್ನೇ ಹುಡುಕಬೇಕು. ಶಾನುಭೋಗರ ಮನೆಯ ಕಡತಗಳು, ರೇಷ್ಮೆ ವರ್ತಕರ ಖಾತೆಪುಸ್ತಕಗಳು, ನೇಕಾರರ ಸಹಕಾರ ಸಂಘಗಳ ನಡವಳಿಪುಸ್ತಕಗಳು ಗೆದ್ದಲಿಗೆ ತುತ್ತಾಗುವ ಮೊದಲೇ ಅವುಗಳನ್ನು ಪಟ್ಟಿಮಾಡಿ ಪ್ರತಿ ತೆಗೆಯುವುದು ಅವಶ್ಯ. ಹುಳು ಸಾಕಿದ ಮುದುಕಿಯರಿಂದ ಬೆಳೆಯ ದಿನಗಳ ದುಡಿಮೆಯನ್ನು ಗಂಟೆಗಟ್ಟಲೆ ಕೇಳಿ ಬರೆದುಕೊಳ್ಳುವುದು ಇನ್ನೂ ಅವಶ್ಯ. ೧೯೩೩ರ ಲೆಕ್ಕದಲ್ಲಿ ಅನಿಶ್ಚಿತವಾಗಿ ನಿಂತ ಅಂಕಣಕ್ಕೆ ಬೇಕಾದ ಸಾಮಗ್ರಿಯು ಅವರ ನೆನಪಿನಲ್ಲಿಯೇ ಇರುತ್ತದೆ. ಈ ಮೂರು ತಾಲ್ಲೂಕುಗಳ ಕಾಲೇಜುಗಳು ಈ ಕಾರ್ಯವನ್ನು ಕೈಗೊಂಡರೆ, ಹೊರಗಿನವರು ಬರೆದ ವರದಿಗಳ ಪಕ್ಕದಲ್ಲಿ ಇರಿಸಿ ಓದಬಹುದಾದ ಒಂದು ಲೆಕ್ಕವು ಈ ಸೀಮೆಯವರಿಂದಲೇ ಸಿದ್ಧವಾಗುವುದು.